ಮನೆಯಲ್ಲೇ ಬೀಸಿದ ಹಿಟ್ಟು, ಅಳತೆಯ ಮುದ್ದೆ

ಕಳೆದ ವರ್ಷ ರಾಗಿ ಕಟಾವಿನ ಕಾಲದಲ್ಲಿ ತುಮಕೂರು ಸೀಮೆಯ ಒಂದು ಹಳ್ಳಿಯಲ್ಲಿ ರೈತರ ಸಭೆ ನಡೆಸಿದ್ದೆ. ರಾಗಿಯ ಗುಣಗಳನ್ನು ಅರ್ಧ ಗಂಟೆ ವಿವರಿಸಿದೆ. ಸಭೆ ಮುಗಿದ ಮೇಲೆ ಉಪಾಹಾರಕ್ಕೆ ಬಂದದ್ದು ಮೈದಾ ಪೂರಿ ಮತ್ತು ಸಿಹಿಯಾದ ಟೀ. ನಾನು ನಾಲ್ಕನೆಯ ಪೂರಿಗೆ ಕೈ ಹಾಕಿದಾಗ ಜಗಲಿಯ ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, "ಅಲ್ಲ ಸ್ವಾಮಿ, ರಾಗಿ ಬರೀ ಹೇಳೋಕೆ, ತಿನ್ನೋಕೆ ಪೂರಿನಾ?" ಎಂದುಬಿಟ್ಟರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅದೇ ವಾರ ವೈದ್ಯರಲ್ಲಿ ಹೋದಾಗ ನಗು ನಿಂತಿತು. ತೂಕ 84 ಕಿಲೋ, ಸೊಂಟದ ಸುತ್ತಳತೆ 102 ಸೆಂಟಿಮೀಟರ್, ರಕ್ತದ ಸಕ್ಕರೆ ಗಡಿ ಮುಟ್ಟಿತ್ತು. ನಮ್ಮ ದೇಶದ ಗಂಡಸರಿಗೆ ಸೊಂಟ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಎಂಬುದು ವೈದ್ಯರ ಅಳತೆ.

ಇದು ನನ್ನೊಬ್ಬನ ಕಥೆಯಲ್ಲ. ಉಳುಮೆಗೆ ಟ್ರಾಕ್ಟರ್ ಬಂದಿದೆ, ನೀರೆತ್ತಲು ಮೋಟಾರಿದೆ, ಹೊಲಕ್ಕೆ ಹೋಗಲು ಬೈಕಿದೆ. ಮೈ ದಣಿಯುವುದು ಕಡಿಮೆಯಾಗಿದೆ, ಊಟದ ಅಳತೆ ಮಾತ್ರ ಹಾಗೆಯೇ ಉಳಿದಿದೆ. ಮೇಲಾಗಿ ನಾವು ಬೆಳೆದ ರಾಗಿಯನ್ನು ಮಾರಿ, ಅದೇ ಹಣದಲ್ಲಿ ಬಿಳಿ ಅಕ್ಕಿ, ಮೈದಾ ಬಿಸ್ಕತ್ತು, ಬನ್ನು ತರುತ್ತಿದ್ದೇವೆ. ಹಳ್ಳಿಗಳಲ್ಲಿಯೂ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತು ಕೇಳಿಬರುತ್ತಿರುವುದು ಇದೇ ಕಾಲದಲ್ಲಿ.

ಸಿಪ್ಪೆಯಲ್ಲಿ ಏನಿದೆ?

ಯಾವುದೇ ಧಾನ್ಯದ ಕಾಳಿನಲ್ಲಿ ಮೂರು ಭಾಗಗಳಿವೆ: ಹೊರಗಿನ ಸಿಪ್ಪೆ, ಮೊಳಕೆ ಒಡೆಯುವ ಭ್ರೂಣ, ನಡುವಿನ ಪಿಷ್ಟ. ನಾರು, ಖನಿಜಗಳು ಮತ್ತು ಜೀವಸತ್ವಗಳ ಹೆಚ್ಚಿನ ಪಾಲು ಮೊದಲೆರಡರಲ್ಲಿ ಇರುತ್ತದೆ. ಗೋಧಿಯಿಂದ ಇವೆರಡನ್ನೂ ತೆಗೆದು ಉಳಿದದ್ದೇ ಮೈದಾ. 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ, ಅಷ್ಟೇ ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ಬಿಳಿ ಅಕ್ಕಿಯ ಸ್ಥಿತಿಯೂ ಮೈದಾದಂತೆಯೇ. ಜೋಳ ಮತ್ತು ರಾಗಿಗಳಲ್ಲಿ ನಾರು 10 ಗ್ರಾಂಗಿಂತ ಹೆಚ್ಚು.

ರಾಗಿಗೆ ಒಂದು ವಿಶೇಷವಿದೆ. ಅದರ ಕಾಳು ಬಹಳ ಸಣ್ಣದು, ಒಳಭಾಗ ಮೆದು, ಸಿಪ್ಪೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಆದ್ದರಿಂದ ಅಕ್ಕಿಯಂತೆ ಅದನ್ನು ಸುಲಭವಾಗಿ ಪಾಲಿಶ್ ಮಾಡಲಾಗದು, ಸಿಪ್ಪೆಸಮೇತ ಬೀಸಬೇಕು. ನಮ್ಮ ಹಿರಿಯರಿಗೆ ಇದು ವರವಾಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಬಿಳಿ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು. ರಾಗಿಯ ಸುಣ್ಣ ಬಹುಪಾಲು ಸಿಪ್ಪೆಯಲ್ಲೇ ಇರುವುದರಿಂದ, ಹಿಟ್ಟು ಬೆಳ್ಳಗೆ ಕಾಣಲೆಂದು ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಸಾರವನ್ನು ಎಮ್ಮೆಗೆ ಹಾಕಿದಂತಾಗುತ್ತದೆ.

ಗಾದೆಯನ್ನು ಸರಿಯಾಗಿ ತಿಳಿಯಬೇಕು

"ರಾಗಿ ತಿಂದವ ನಿರೋಗಿ" ಎಂಬ ಗಾದೆಯಿದೆ. ಇದನ್ನು ನಂಬಿ, ರಾಗಿ ಎಷ್ಟು ತಿಂದರೂ ತೂಕ ಏರದು ಎಂದು ತಿಳಿದವರಿದ್ದಾರೆ. ಅದು ತಪ್ಪು. 100 ಗ್ರಾಂ ರಾಗಿ ಹಿಟ್ಟು ಸುಮಾರು 320 ಕ್ಯಾಲೊರಿ ಶಕ್ತಿ ಕೊಡುತ್ತದೆ, ಅಷ್ಟೇ ಅಕ್ಕಿ 350ರಷ್ಟು. ವ್ಯತ್ಯಾಸ ಹೆಚ್ಚೇನಿಲ್ಲ. ಹಿಂದಿನವರು ದೊಡ್ಡ ಮುದ್ದೆ ಉಂಡು ದಿನವಿಡೀ ನೇಗಿಲು ಹಿಡಿಯುತ್ತಿದ್ದರು. ಅದೇ ಮುದ್ದೆ ಉಂಡು ಜೀಪಿನಲ್ಲಿ ಕುಳಿತರೆ ನನ್ನ ಗತಿಯಾಗುತ್ತದೆ.

ಇಡೀ ಧಾನ್ಯದ ಉಪಕಾರ ಬೇರೆ ಬಗೆಯದು. ನಾರು ಹೊಟ್ಟೆ ತುಂಬಿಸುತ್ತದೆ, ಮತ್ತೆ ಹಸಿವಾಗುವುದನ್ನು ತಡಮಾಡುತ್ತದೆ, ಮಲಬದ್ಧತೆ ತಪ್ಪಿಸುತ್ತದೆ. ಇದರಿಂದ ಕಡಿಮೆ ತಿಂದು ತೃಪ್ತಿ ಪಡುವುದು ಸುಲಭವಾಗುತ್ತದೆ. ಕಡಿಮೆ ತಿನ್ನುವ ಕೆಲಸವನ್ನು ಮಾತ್ರ ನಾವೇ ಮಾಡಬೇಕು.

ಬೀಸುವ ಕ್ರಮ

1. ಕಾಳನ್ನು ಮೊರದಲ್ಲಿ ಕೇರಿ ಕಲ್ಲು, ಮಣ್ಣು, ಜೊಳ್ಳು ತೆಗೆಯಿರಿ. ತೊಳೆದರೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಹಲ್ಲಿನಲ್ಲಿ ಕಚ್ಚಿದಾಗ ಕಟಕ್ಕನೆ ಒಡೆಯಬೇಕು. ಹಸಿ ಇದ್ದರೆ ಹಿಟ್ಟು ಬೂಸ್ಟು ಹಿಡಿಯುತ್ತದೆ.

2. ಬಿತ್ತನೆಗೆಂದು ಔಷಧಿ ಲೇಪಿಸಿದ, ಬಣ್ಣ ಹಚ್ಚಿದ ಬೀಜವನ್ನು ಎಂದಿಗೂ ಬೀಸಬಾರದು. ತೊಳೆದರೂ ಅದರ ವಿಷ ಹೋಗುತ್ತದೆಂಬ ಭರವಸೆಯಿಲ್ಲ. ಬೂಸ್ಟು ಹಿಡಿದ ಕಾಳೂ ಬೇಡ.

3. ಇಡೀ ಧಾನ್ಯದ ಹಿಟ್ಟಿನಲ್ಲಿ ಭ್ರೂಣದ ಎಣ್ಣೆ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ. ಒಂದು ವಾರ, ಹೆಚ್ಚೆಂದರೆ ಹತ್ತು ದಿನಕ್ಕಾಗುವಷ್ಟೇ ಬೀಸಿಕೊಳ್ಳಿ. ಸಜ್ಜೆ ಹಿಟ್ಟು ವಾರದೊಳಗೇ ಕಹಿಯಾಗಬಹುದು, ಅದನ್ನು ಎರಡು ಮೂರು ದಿನಕ್ಕಷ್ಟೇ ಮಾಡಿಕೊಳ್ಳಿ. ಕಾಳಾಗಿದ್ದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮವರು ಹಗೇವಿನಲ್ಲಿ ತುಂಬಿಡುತ್ತಿದ್ದುದು ಇದೇ ಕಾರಣದಿಂದ.

4. ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನು ಹರಡಿ ಆರಿಸಿದ ನಂತರವೇ ಡಬ್ಬಿಗೆ ತುಂಬಿ.

5. ರೊಟ್ಟಿಗೂ ಚಪಾತಿಗೂ ಹಿಟ್ಟು ತುಸು ತರಿಯಾಗಿರಲಿ. ಬಹಳ ನಯವಾದ ಹಿಟ್ಟು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಜರಡಿಯಲ್ಲಿ ಉಳಿದ ನುಚ್ಚನ್ನು ಅಂಬಲಿಗೆ ಹಾಕಿ.

6. ಬೀಸುಕಲ್ಲನ್ನು ಹೊಸದಾಗಿ ಕುಟ್ಟಿಸಿದ್ದರೆ ಮೊದಲು ಒಂದೆರಡು ಹಿಡಿ ಕಾಳು ಬೀಸಿ ಆ ಹಿಟ್ಟನ್ನು ಚೆಲ್ಲಿ. ಇಲ್ಲವಾದರೆ ಕಲ್ಲಿನ ಪುಡಿ ಊಟಕ್ಕೆ ಸೇರುತ್ತದೆ.

ನವಣೆ, ಸಾಮೆಗಳ ಹೊಟ್ಟನ್ನು ತೆಗೆಯಲೇಬೇಕು. ಆದರೆ ಅಕ್ಕಿ ಬೆಳ್ಳಗಾಗುವ ತನಕ ಪಾಲಿಶ್ ಮಾಡಿಸಬೇಡಿ.

ಬೀಸುಕಲ್ಲೋ, ಗಿರಣಿಯೋ?

ನಮ್ಮ ತಾಯಂದಿರು ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸುತ್ತಿದ್ದರು. ಆ ಕಷ್ಟವನ್ನು ಮತ್ತೆ ಹೆಂಗಸರ ಹೆಗಲಿಗೆ ಹಾಕುವುದು ನನ್ನ ಉದ್ದೇಶವಲ್ಲ. ಊರ ಗಿರಣಿಗೆ ನಿಮ್ಮದೇ ಕಾಳು ಒಯ್ದು ಬೀಸಿಸಿಕೊಂಡರೂ ಗುಣ ಒಂದೇ. ಮನೆಗೆ ಸಣ್ಣ ಗಿರಣಿ ಕೊಳ್ಳುವ ಶಕ್ತಿಯಿದ್ದರೆ, ಒಂದು ಅಶ್ವಶಕ್ತಿಯ ಮೋಟಾರು ಗಂಟೆಗೆ ಒಂದು ಯೂನಿಟ್ ಆಸುಪಾಸು ವಿದ್ಯುತ್ ಬಳಸುತ್ತದೆ. ಅರ್ತಿಂಗ್ ಸರಿಯಾಗಿರಲಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ. ಹಳೆಯ ಬೀಸುಕಲ್ಲು ಮನೆಯಲ್ಲಿ ಇನ್ನೂ ಇದ್ದರೆ, ವಾರಕ್ಕೆರಡು ದಿನ ಗಂಡಸರೇ ಕುಳಿತು ಬೀಸಲಿ. ನಾನು ಹಾಗೆ ಬೀಸುತ್ತಿದ್ದೇನೆ. ಮೊದಲ ದಿನ ಎರಡು ಸೇರು ಮುಗಿಯುವಷ್ಟರಲ್ಲಿ ರಟ್ಟೆ ಬಿದ್ದುಹೋಗಿತ್ತು. ಅಮ್ಮ ಇದನ್ನು ದಿನವೂ ಹೇಗೆ ಮಾಡಿದಳೋ ಎಂದು ಅಂದೇ ಅರಿವಾದದ್ದು.

ತಟ್ಟೆಯ ಲೆಕ್ಕ

ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಉಳಿತಾಯವಾಗಬೇಕು. ದಿನಕ್ಕೆ 250 ಕ್ಯಾಲೊರಿ ಕಡಿಮೆ ಮಾಡಿದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಳಿಯುತ್ತದೆ. ಮೈ ಹಗುರವಾದಂತೆ ಇಳಿಕೆ ನಿಧಾನವಾಗುತ್ತದೆ, ಧೈರ್ಯಗೆಡಬಾರದು. 250 ಕ್ಯಾಲೊರಿ ಎಂದರೆ ಸುಮಾರು 70 ಗ್ರಾಂ ಅಕ್ಕಿಯ ಅನ್ನ. ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ನಾಲ್ಕು ಲೋಟ ಟೀ ಕುಡಿದರೆ ಸಕ್ಕರೆಯೊಂದರಿಂದಲೇ 160 ಕ್ಯಾಲೊರಿ ಸೇರುತ್ತದೆ.

ನಾನು ಮಾಡಿದ್ದು ಇಷ್ಟೇ. ಒಮ್ಮೆ 100 ಗ್ರಾಂ ಹಿಟ್ಟು ತೂಗಿ, ಅದು ಲೋಟದಲ್ಲಿ ಎಲ್ಲಿಯವರೆಗೆ ಬರುತ್ತದೆಂದು ಗುರುತು ಹಾಕಿಕೊಂಡೆ. ಹೊತ್ತಿಗೆ ಆ ಒಂದೇ ಲೋಟದ ಮುದ್ದೆ. ಮುದ್ದೆಯ ನಂತರದ ಅನ್ನ ಬಿಟ್ಟೆ. ರಾಗಿಯಲ್ಲಿ ಸಸಾರಜನಕ 100 ಗ್ರಾಂಗೆ 7 ಗ್ರಾಂ ಮಾತ್ರ. ಅದಕ್ಕಾಗಿ ಹುರುಳಿ, ಅವರೆ, ಹೆಸರುಕಾಳಿನ ಸಾರು, ಜೊತೆಗೆ ಒಂದು ಬಟ್ಟಲು ಬೆಂದ ಸೊಪ್ಪು, ಮಜ್ಜಿಗೆ. ಟೀಗೆ ಸಕ್ಕರೆ ಬಿಟ್ಟೆ. ಸಂಜೆ ಮುಕ್ಕಾಲು ಗಂಟೆ ನಡಿಗೆ. ಹನ್ನೊಂದು ತಿಂಗಳಲ್ಲಿ 7 ಕಿಲೋ ಇಳಿದಿದ್ದೇನೆ. ಸೊಂಟ ಇನ್ನೂ ವೈದ್ಯರ ಅಳತೆಗೆ ಬಂದಿಲ್ಲ.

ಎಚ್ಚರಿಕೆ

ಬಿಳಿ ಅನ್ನಕ್ಕೆ ಒಗ್ಗಿದವರು ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆ ಉಬ್ಬರಿಸಬಹುದು. ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಬದಲಾಯಿಸಿ, ನೀರು ಹೆಚ್ಚು ಕುಡಿಯಿರಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆಯವರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು. ಮಾತ್ರೆ ಬಿಟ್ಟು ರಾಗಿ ಹಿಡಿಯುವುದು ಅಪಾಯ. ಬೆಳೆಯುವ ಮಕ್ಕಳ, ಬಸುರಿ ಬಾಣಂತಿಯರ ಊಟಕ್ಕೆ ಕತ್ತರಿ ಹಾಕಬಾರದು.

ಮಾರುವ ಮೊದಲು ಮನೆಗೆ

ಈಗ ಮತ್ತೆ ರಾಗಿ ಕಣಕ್ಕೆ ಬರುವ ಕಾಲ. ಐದು ಜನರ ಕುಟುಂಬಕ್ಕೆ ತಲೆಗೆ ದಿನಕ್ಕೆ 150 ಗ್ರಾಂ ಹಿಟ್ಟಿನಂತೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 275 ಕಿಲೋ ಬೇಕು. ಕಸ, ಜೊಳ್ಳು ಕಳೆಯಲೆಂದು ಸೇರಿಸಿ ಮೂರು ಕ್ವಿಂಟಾಲ್ ಎನ್ನಿ. ಚೀಲ ಹೊಲಿದು ಖರೀದಿ ಕೇಂದ್ರಕ್ಕೆ ಸಾಗಿಸುವ ಮೊದಲು ಇಷ್ಟನ್ನು ಮನೆಗೆಂದು ತೆಗೆದಿಡಿ. ಉಳಿದದ್ದನ್ನು ಮಾರಿ.

ಕಳೆದ ವಾರ ಅದೇ ಹಳ್ಳಿಗೆ ಮತ್ತೆ ಹೋಗಿದ್ದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸ್ವಾಮಿ ಇಳಿದವ್ರೆ" ಎಂದು ಒಳಗೆ ಕರೆದರು. ಈ ಸಲ ತಟ್ಟೆಗೆ ಬಂದದ್ದು ಮುದ್ದೆ, ಬಸ್ಸಾರು. ಎರಡನೆಯ ಮುದ್ದೆ ಇಡಲು ಬಂದಾಗ ಕೈ ಅಡ್ಡ ಹಿಡಿದೆ.