ಎಲೆಯಿಂದ ಎಲೆಗೆ, ಕೊಂಬೆಯಿಂದ ಕೊಂಬೆಗೆ

ಭತ್ತಕ್ಕೆ ಬೆಂಕಿ ರೋಗ ತರುವ ಶಿಲೀಂಧ್ರ ಬದುಕುವುದು ಗಿಡದ ಮೇಲಾದರೂ ವಂಶದಲ್ಲಿ ಅದು ಪ್ರಾಣಿಗಳಿಗೇ ಹೆಚ್ಚು ಹತ್ತಿರ. ಅಸ್ಸಾಂ ಕಾಡಿನ ಹೂಲಾಕ್ ಗಿಬ್ಬನ್‌ಗೂ ಈ ಶಿಲೀಂಧ್ರಕ್ಕೂ ಸುಮಾರು ನೂರು ಕೋಟಿ ವರ್ಷಗಳ ಹಿಂದೆ ಮೂಲ ಒಂದೇ ಇತ್ತು. ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಎರಡಕ್ಕೂ ಬಾರದು. ಕೂಡಿಟ್ಟುಕೊಳ್ಳುವ ಶರ್ಕರಪಿಷ್ಟವೂ ಎರಡರಲ್ಲೂ ಗ್ಲೈಕೋಜನ್ನೇ.

ಮಲೆನಾಡಿನ ಗದ್ದೆಯವರಿಗೆ ಬೆಂಕಿ ರೋಗದ ಪರಿಚಯ ಹೇಳಬೇಕಿಲ್ಲ. ಮ್ಯಾಗ್ನಪೋರ್ತೆ ಒರೈಜೆ ಎಂಬ ಈ ಶಿಲೀಂಧ್ರದ ಬೀಜಕಣ ಪೇರಳೆಯಾಕಾರದ್ದು, ಮೂರೇ ಕೋಶದ್ದು. ತುದಿಯ ಅಂಟಿನಿಂದ ಅದು ಎಲೆಗೆ ಕಚ್ಚಿಕೊಂಡು, ಇಬ್ಬನಿಯ ತೇವದಲ್ಲಿ ಮೊಳೆತು, ಗುಮ್ಮಟದಂಥ ಒಂದು ಕೋಶ ಕಟ್ಟುತ್ತದೆ. ಗುಮ್ಮಟದ ಗೋಡೆಗೆ ಮೆಲನಿನ್ ಲೇಪ. ಒಳಗೆ ಏರುವ ಒತ್ತಡ ಕಾರಿನ ಟೈರಿನದ್ದಕ್ಕಿಂತ ಸುಮಾರು 40 ಪಟ್ಟು. ಆ ಬಲದಿಂದಲೇ ಸೂಜಿಯಂಥ ಎಳೆ ಎಲೆಯನ್ನು ತೂರುತ್ತದೆ. ರೈತರು ಸಿಂಪಡಿಸುವ ಟ್ರೈಸೈಕ್ಲಜೋಲ್ ತಡೆಯುವುದು ಈ ಮೆಲನಿನ್ನನ್ನೇ. ಲೇಪವಿಲ್ಲದ ಗುಮ್ಮಟದಲ್ಲಿ ಒತ್ತಡ ನಿಲ್ಲದು. ಒಳಹೊಕ್ಕ ಕೆಲವೇ ದಿನಗಳಲ್ಲಿ ಕಂದು ಅಂಚಿನ, ಬೂದು ನಡುವಿನ, ಕದಿರಿನಾಕಾರದ ಚುಕ್ಕೆ ಮೂಡುತ್ತದೆ. ಒಂದೊಂದು ಚುಕ್ಕೆಯೂ ರಾತ್ರಿ ಕಳೆಯುವುದರಲ್ಲಿ ಸಾವಿರಾರು ಬೀಜಕಣ ಉದುರಿಸಬಲ್ಲದು. ತೆನೆಯ ಕುತ್ತಿಗೆಗೆ ತಗುಲಿದರೆ ಕಾಳೆಲ್ಲ ಜೊಳ್ಳು.

ಗಿಬ್ಬನ್‌ನದು ನಿಧಾನದ ಸಂಸಾರ. ಎರಡು-ಮೂರು ವರ್ಷಕ್ಕೊಂದೇ ಮರಿ. ಗಂಡು ಕಪ್ಪು, ಹುಬ್ಬು ಮಾತ್ರ ಬಿಳಿ; ಹೆಣ್ಣು ಕಂದುಹಳದಿ. ಬೆಳಗ್ಗೆ ಜೋಡಿ ದನಿಗೂಡಿಸಿದರೆ ಕಾಡೆಲ್ಲ ಕೇಳುತ್ತದೆ. ಉದ್ದ ತೋಳುಗಳಲ್ಲಿ ಕೊಂಬೆಯಿಂದ ಕೊಂಬೆಗೆ ಜೀಕುವ ಈ ವಾನರ ನೆಲಕ್ಕಿಳಿಯುವುದು ಅಪರೂಪ. ಹಾಗಾಗಿ ಮರಗಳ ನೆತ್ತಿ ಎಲ್ಲಿ ಕಡಿಯಿತೋ ಅಲ್ಲಿಗೇ ಅದರ ಲೋಕ ಮುಗಿಯಿತು. ಜೋರ್ಹಾಟ್ ಬಳಿಯ ಹೊಲ್ಲೊಂಗಾಪಾರ್ ಅಭಯಾರಣ್ಯ ಸುಮಾರು 21 ಚದರ ಕಿಲೋಮೀಟರ್ ಮಾತ್ರ. ಸುತ್ತ ಚಹಾ ತೋಟ, ನಡುವೆ ಸೀಳಿಕೊಂಡು ಹೋಗುವ ರೈಲು ಹಳಿ. ಹಳಿಯ ಆಚೆಗಿನ ಕುಟುಂಬಕ್ಕೆ ಈಚೆಗಿನ ಜೋಡಿ ಸಿಗುವುದೇ ಕಷ್ಟ.

ಒಂದರ ಹಬ್ಬುವಿಕೆಗೂ ಇನ್ನೊಂದರ ಅಳಿವಿಗೂ ನೆಲವನ್ನು ಮನುಷ್ಯ ಬಳಸಿದ ಬಗೆಯೇ ಮುಖ್ಯ ಕಾರಣ. ಒಂದೇ ತಳಿಯ ಭತ್ತ ಗಾವುದಗಟ್ಟಲೆ ಹರಡಿದ್ದರೆ ಬೀಜಕಣಕ್ಕೆ ಅದೇ ಹೆದ್ದಾರಿ. ಚೀನಾದ ಯುನ್ನಾನ್ ರೈತರು ರೋಗಕ್ಕೆ ಸುಲಭವಾಗಿ ತುತ್ತಾಗುವ ಅಂಟು ಭತ್ತವನ್ನು ರೋಗ ತಡೆಯುವ ತಳಿಯ ಸಾಲುಗಳ ನಡುವೆ ನೆಟ್ಟಾಗ ಅದರ ಮೇಲಿನ ಬೆಂಕಿ ರೋಗ 94% ತಗ್ಗಿತೆಂದು 2000ದಲ್ಲಿ ವರದಿಯಾಯಿತು.

ಗಿಬ್ಬನ್‌ಗೆ ಬೇಕಿರುವುದು ಕಡಿದುಹೋದದ್ದರ ಜೋಡಣೆ. ಹೂಲಾಕ್‌ನ ಬಂಧುವಾದ ಹೈನಾನ್ ಗಿಬ್ಬನ್ ಉಳಿದಿರುವುದೇ ಹತ್ತಾರು ಮಾತ್ರ. 2014ರ ಚಂಡಮಾರುತದಲ್ಲಿ ಗುಡ್ಡ ಕುಸಿದು ಅವುಗಳ ದಾರಿ ಕಡಿದಾಗ ಕೊರಕಲಿನ ಮೇಲೆ ಎರಡು ಹಗ್ಗ ಕಟ್ಟಲಾಯಿತು. ಆರು ತಿಂಗಳ ಹತ್ತಿರ ಅವು ಹಗ್ಗ ಮುಟ್ಟಲಿಲ್ಲ. ಆಮೇಲೆ ಒಂದೊಂದಾಗಿ ದಾಟತೊಡಗಿದವು; ಕೆಲವು ಮೇಲಿನ ಹಗ್ಗ ಹಿಡಿದು, ಕೆಳಗಿನದರ ಮೇಲೆ ನಡೆದು.