ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು ಆಗದಿರಲಿ



ಹಿಂಗಾರಿ ಕಡಲೆ, ಬಿಳಿಜೋಳದ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಭಾಗದಲ್ಲಿ ಎರಡು ಕೆಲಸಗಳು ಭರದಿಂದ ಸಾಗುತ್ತವೆ. ಒಂದು ಮದುವೆ, ಇನ್ನೊಂದು ವೈರಿಂಗು. ಹೊಸ ಮನೆಗೆ ದೀಪ, ಹೊಸ ಕೊಳವೆ ಬಾವಿಗೆ ಮೋಟಾರು, ಕೃಷಿ ಹೊಂಡದ ದಂಡೆಗೆ ಪಂಪು ಎಂದು ಊರೂರಲ್ಲಿ ತಂತಿ ಎಳೆಯುವುದು ನಡೆದೇ ಇರುತ್ತದೆ.

ನೀವು ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ಎಣಿಸುತ್ತೀರಿ, ಸುಳಿ ನೋಡುತ್ತೀರಿ. ಬೀಜದ ಚೀಲ ಕೊಳ್ಳುವಾಗ ಚೀಟಿ ಓದಿಸುತ್ತೀರಿ. ಆದರೆ ಮನೆಯೊಳಗೆ ಕರೆಂಟು ತರುವವನ ಕೈಯಲ್ಲಿ ಪರ್ಮಿಟ್ಟು ಇದೆಯೇ ಎಂದು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ನಾನೂ ಕೇಳಿರಲಿಲ್ಲ. ಕೇಳದೆ ಏನಾಯಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಹೊಲದಲ್ಲಿ ನಡೆದದ್ದು

ನಮ್ಮ ತಂದೆಯವರ ಹೊಲಕ್ಕೆ 5 ಅಶ್ವಶಕ್ತಿಯ ಮೋಟಾರು ಕೂಡಿಸಿದೆವು. ಸಂಪರ್ಕ ಪಡೆಯಲು ಲೈಸೆನ್ಸು ಇದ್ದ ಗುತ್ತಿಗೆದಾರನ ವರದಿ ಬೇಕು. ಪಟ್ಟಣದ ಒಬ್ಬ ಗುತ್ತಿಗೆದಾರನು ಕಾಗದದ ಮೇಲೆ ಸಹಿ, ಮೊಹರು ಹಾಕಿಕೊಟ್ಟ. ಅವನು ನಮ್ಮ ಹೊಲವನ್ನು ಕಣ್ಣಿನಿಂದ ನೋಡಿದವನಲ್ಲ. ಸಹಿಗೆ ಇಷ್ಟು ಎಂದು ದುಡ್ಡು ಕೊಟ್ಟವನು ನಾನೇ. ತಂತಿ ಎಳೆದು ಸ್ಟಾರ್ಟರ್ ಕೂಡಿಸಿದವನು ನಮ್ಮ ಊರಿನ ಒಬ್ಬ ಹುಡುಗ. ಕೈಗುಣ ಚೆನ್ನಾಗಿದ್ದವನು, ಆದರೆ ಪರ್ಮಿಟ್ಟು ಇಲ್ಲದವನು.

ಅರ್ಥಿಂಗಿಗೆ ಪೈಪು, ಇದ್ದಲಿ, ಉಪ್ಪು ತನ್ನಿರೆಂದು ಆತ ಕೇಳಿದ. ಮೆಣಸಿನಕಾಯಿ ಮಾರಿದ ಮೇಲೆ ನೋಡೋಣ, ಈಗ ಚಾಲೂ ಮಾಡು ಎಂದೆ. ಆತ ಸುಮ್ಮನೆ ಚಾಲೂ ಮಾಡಿದ.

ಒಂದು ವರ್ಷ ಏನೂ ಆಗಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಮೋಟಾರಿನ ಒಳಗಿನ ಸುತ್ತು ಸುಟ್ಟು, ಕರೆಂಟು ಅದರ ಮೈಗೆ ಇಳಿದಿತ್ತು. ನೀರು ಕುಡಿಯಲು ಬಂದ ಎತ್ತು ಕಬ್ಬಿಣದ ಪೈಪಿಗೆ ಕತ್ತು ತಾಗಿಸಿತು. ಅಲ್ಲೇ ಬಿತ್ತು. ಕೈಯಲ್ಲಿ ಬಕೀಟು ಹಿಡಿದು ಅದರ ಹಿಂದೆ ಬರುತ್ತಿದ್ದ ನಮ್ಮ ತಂದೆಯವರು ಹತ್ತು ಹೆಜ್ಜೆ ದೂರದಲ್ಲಿದ್ದರು. ಎತ್ತು ಮುಂದಿರದಿದ್ದರೆ ಆ ಪೈಪು ಮುಟ್ಟುವವರು ಅವರೇ.

ಸುದ್ದಿ ಕೇಳಿ ಆ ಹುಡುಗ ಓಡಿ ಬಂದ. ನಾನು ಸಿಟ್ಟಿನಲ್ಲಿ ಬೈದೆ. ಆತ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಸಾಹೇಬ್ರ, ಪೈಪ ತರ್ರಿ ಅಂತ ನಾ ಅವತ್ತ ಹೇಳಿದ್ನಲ್ರೀ. ನೀವು ಬ್ಯಾಡ ಅಂದ ಮ್ಯಾಲೆ, ನಾ ಮಾಡೂದಿಲ್ಲ ಅಂತ ನಿಮ್ಮ ಎದುರು ನಿಂತು ಹೇಳಾಕ ನನ್ನ ಕಡೆ ಏನೈತ್ರೀ?"

ಬಾಂಧವರೇ, ಪರ್ಮಿಟ್ಟು ಎಂಬುದು ಏಕೆ ಬೇಕೆಂದು ಬಿ.ಎಸ್ಸಿ. ಓದಿದ ನನಗೆ ಆ ದಿನ ತಿಳಿಯಿತು. ಅದು ಬರೀ ಜಾಣತನದ ಚೀಟಿಯಲ್ಲ. ತಪ್ಪು ಕೆಲಸಕ್ಕೆ "ಆಗುವುದಿಲ್ಲ" ಎನ್ನುವ ಅಧಿಕಾರ ಅದು. ಅದು ಇದ್ದವನಿಗೆ ಕಳೆದುಕೊಳ್ಳಲು ಏನೋ ಇರುತ್ತದೆ. ಇಲ್ಲದವನು ಮಾಲೀಕ ಹೇಳಿದಂತೆ ಮಾಡುತ್ತಾನೆ. ಕಲಘಟಗಿ ಕಡೆ ಕಾಡುಹಂದಿಯ ಕಾಟಕ್ಕೆ ಬೇಸತ್ತು ಗೋವಿನಜೋಳದ ಬೇಲಿಗೆ ನೇರವಾಗಿ ಕರೆಂಟು ಬಿಡಿರೆಂದು ಯಾರಾದರೂ ಕೇಳಿದರೆ, ಪರ್ಮಿಟ್ಟು ಇದ್ದವನು ಅದಕ್ಕೆ ಕೈ ಹಚ್ಚಲಾರ. ಆ ಬೇಲಿ ಹಂದಿಯನ್ನೂ ಮನುಷ್ಯನನ್ನೂ ಬೇರೆಬೇರೆಯಾಗಿ ಗುರುತಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಇದು ಹೊಸ ಕಾನೂನಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 45ನೆಯ ನಿಯಮದಲ್ಲಿಯೇ ಈ ಮಾತು ಇತ್ತು: ವೈರಿಂಗು ಕೆಲಸವನ್ನು ಲೈಸೆನ್ಸು ಪಡೆದ ಗುತ್ತಿಗೆದಾರನೇ ಮಾಡಿಸತಕ್ಕದ್ದು, ಅರ್ಹತಾ ಪತ್ರವುಳ್ಳ ಮೇಲ್ವಿಚಾರಕನು ನೇರವಾಗಿ ಉಸ್ತುವಾರಿ ನೋಡತಕ್ಕದ್ದು, ಪರ್ಮಿಟ್ಟು ಇದ್ದವನೇ ಕೈಯಿಂದ ಕೆಲಸ ಮಾಡತಕ್ಕದ್ದು. ಬಲ್ಬು, ಫ್ಯಾನು, ಫ್ಯೂಜು, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಿಸುವ ಸಣ್ಣ ಕೆಲಸಕ್ಕೆ ಮಾತ್ರ ವಿನಾಯಿತಿ. 2003ರಲ್ಲಿ ಹೊಸ ವಿದ್ಯುತ್ ಕಾಯ್ದೆ ಬಂದಿತು. ಅದರ ಕೆಳಗೆ 2010ರಲ್ಲಿ, ಮತ್ತೆ 2023ರಲ್ಲಿ ಸುರಕ್ಷತೆಯ ಹೊಸ ನಿಯಮಾವಳಿಗಳು ಬಂದವು. ಆದರೂ ಲೈಸೆನ್ಸಿನ ಮೂಲ ಮಾತು ಬದಲಾಗಲಿಲ್ಲ.

ನಮ್ಮ ರಾಜ್ಯದಲ್ಲಿ ಗುತ್ತಿಗೆದಾರನ ಲೈಸೆನ್ಸು, ಮೇಲ್ವಿಚಾರಕನ ಪರ್ಮಿಟ್ಟು, ವೈರ್‌ಮನ್ ಪರ್ಮಿಟ್ಟು ಎಂದು ಮೂರು ಮೆಟ್ಟಿಲುಗಳಿವೆ. ಇವನ್ನು ಕೊಡುವುದು ಹೆಸ್ಕಾಂ ಅಲ್ಲ, ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಮುಖ್ಯ ವಿದ್ಯುತ್ ಪರಿವೀಕ್ಷಕರು ಅದರ ಮುಖ್ಯಸ್ಥರು. ವಿದ್ಯುತ್ ಅಪಘಾತವಾದಾಗ ಕಾರಣ ವಿಚಾರಿಸುವ ಹೊಣೆಯೂ ಪರಿವೀಕ್ಷಕರದೇ.

ಇನ್ನೊಂದು ಮಾತು ಮನದಟ್ಟಾಗಿರಲಿ. ಕಂಬದಿಂದ ನಿಮ್ಮ ಮೀಟರಿನವರೆಗೆ ಹೆಸ್ಕಾಂ ಹೊಣೆ. ಅಲ್ಲಿಂದ ಈಚೆಗೆ, ನಿಮ್ಮ ಮನೆಯ ಹಾಗೂ ಹೊಲದ ವೈರಿಂಗಿಗೆ ನೀವೇ ಹೊಣೆ. 10 ಅಶ್ವಶಕ್ತಿಯವರೆಗಿನ ಪಂಪಿಗೆ 2008ರಿಂದ ಕರೆಂಟು ಉಚಿತವಾಗಿ ಸಿಗುತ್ತಿದೆಯಾದರೂ, ಆ ಪಂಪಿನ ಅರ್ಥಿಂಗು ಸರ್ಕಾರದ್ದಲ್ಲ, ನಿಮ್ಮದು.

ಮಟ್ಟ ಏರಿಸಬೇಕು, ಏಣಿಯನ್ನೂ ಇಡಬೇಕು

ವೈರ್‌ಮನ್ನರ ಕಲಿಕೆಯ ಮಟ್ಟ ಏರಿಸಬೇಕೆಂಬ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತದೆ. ಅದು ಸರಿಯಾದ ಮಾತೇ. ಹಿಂದೆ ಹಳ್ಳಿಯ ಮನೆಗೆ ಒಂದು ದೀಪ, ಒಂದು ಫ್ಯೂಜು ಇರುತ್ತಿತ್ತು. ಇಂದು ಮಿಕ್ಸರು, ಫ್ರಿಜ್ಜು, ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ಮೇಲ್ಛಾವಣಿಯ ಸೌರ ಫಲಕ ಎಲ್ಲವೂ ಬಂದಿವೆ. ಮೊಬೈಲಿನಿಂದ ಚಾಲೂ ಆಗುವ ಸ್ಟಾರ್ಟರ್ ಬಂದಿದೆ. ಮಗ ಹುಬ್ಬಳ್ಳಿಯಲ್ಲಿ ಕುಳಿತು ಗುಂಡಿ ಒತ್ತಿದಾಗ, ತಂದೆ ಹೊಲದಲ್ಲಿ ಮೋಟಾರಿನ ಮೇಲೆ ಕೈ ಇಟ್ಟಿರಬಹುದು. ಎಂದೋ ಕಲಿತ ಕೆಲಸ ಇದಕ್ಕೆ ಸಾಲದು. ನ್ಯೂಜಿಲೆಂಡಿನಲ್ಲಿ ವಿದ್ಯುತ್ ಕೆಲಸಗಾರರು ಲೈಸೆನ್ಸು ಉಳಿಸಿಕೊಳ್ಳಲು ಆಗಾಗ ಸುರಕ್ಷತೆಯ ಪಾಠವನ್ನು, ಶಾಕ್ ಹೊಡೆದವರ ಪ್ರಥಮ ಚಿಕಿತ್ಸೆಯನ್ನು ಮತ್ತೆ ಕಲಿಯಬೇಕಾಗುತ್ತದೆ. ನಮ್ಮಲ್ಲಿಯೂ ಪರ್ಮಿಟ್ಟು ನವೀಕರಿಸುವಾಗ ಇಂಥ ನಾಲ್ಕು ದಿನದ ತರಬೇತಿ ಇರಬೇಕೆಂದು ನನ್ನ ಅಭಿಪ್ರಾಯ.

ಆದರೆ ಇಲ್ಲಿ ಎಚ್ಚರ ಬೇಕು. ಪರೀಕ್ಷೆ ಕಠಿಣ ಮಾಡಿ, ಶುಲ್ಕ ಏರಿಸಿ ಸುಮ್ಮನಾದರೆ ಏನಾದೀತು? ಊರಿನ ಹುಡುಗ ಪರೀಕ್ಷೆಯ ಹತ್ತಿರ ಹೋಗಲಾರ. ಪಟ್ಟಣದ ವೈರ್‌ಮನ್ ಒಂದು ಫ್ಯಾನಿನ ಕೆಲಸಕ್ಕೆ ಅಣ್ಣಿಗೇರಿಯ ಹಳ್ಳಿಗೆ ಬರಲಾರ. ಕೆಲಸವನ್ನು ಮತ್ತೆ ಅದೇ ಹುಡುಗ ಮಾಡುತ್ತಾನೆ. ಸಹಿಯ ಬೆಲೆ ಮಾತ್ರ ಏರುತ್ತದೆ.

ಇದಕ್ಕೆ ದಾರಿ ನಮ್ಮ ಕೃಷಿ ಕ್ಷೇತ್ರದಲ್ಲಿಯೇ ಇದೆ. ಔಷಧಿ ಅಂಗಡಿಯವರ ಉದಾಹರಣೆ ನೋಡಿರಿ. ಮೊದಲು ಕೀಟನಾಶಕ ಮಾರಲು ಓದಿನ ಕಟ್ಟುಪಾಡು ಇರಲಿಲ್ಲ. 2015ರಲ್ಲಿ ಕೇಂದ್ರ ಸರ್ಕಾರವು ನಿಯಮ ತಿದ್ದಿ ವಿದ್ಯಾರ್ಹತೆ ಕಡ್ಡಾಯ ಮಾಡಿತು. ಆದರೆ ಹಳಬರನ್ನು ಒಮ್ಮೆಲೆ ಬೀದಿಗೆ ತಳ್ಳಲಿಲ್ಲ. ಕಾಲಾವಕಾಶ ಕೊಟ್ಟಿತು, ಕಲಿಯುವ ದಾರಿಯನ್ನೂ ತೋರಿತು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯು 2003ರಲ್ಲಿ ಆರಂಭಿಸಿದ 'ದೇಸಿ' ಡಿಪ್ಲೊಮಾದಲ್ಲಿ ಅಂಗಡಿಕಾರರು ವಾರಕ್ಕೆ ಒಂದು ದಿನ, ಒಂದು ವರ್ಷ ಪಾಠ ಕೇಳುತ್ತಾರೆ. ಅಂಗಡಿಯೂ ನಡೆಯುತ್ತದೆ, ತಿಳಿವಳಿಕೆಯೂ ಬರುತ್ತದೆ.

ಇದೇ ಮಾದರಿ ವೈರಿಂಗಿಗೂ ಬೇಕು. ಊರಲ್ಲಿ ಈಗಾಗಲೇ ಕೆಲಸ ಬಲ್ಲ ಹುಡುಗರಿಗೆ ತಾಲ್ಲೂಕು ಮಟ್ಟದಲ್ಲಿ ವಾರದ ಪಾಠ ನಡೆಯಲಿ. ಪರೀಕ್ಷೆ ಕನ್ನಡದಲ್ಲಿರಲಿ. ಕಾಗದದ ಮೇಲೆ ಬರೆಸುವುದಕ್ಕಿಂತ ಕೈಯಿಂದ ಮಾಡಿಸಿ ನೋಡುವುದು ಹೆಚ್ಚಿರಲಿ. ಸಹಿ ಮಾರುವ ಗುತ್ತಿಗೆದಾರನ ಲೈಸೆನ್ಸು ರದ್ದಾಗಲಿ. ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನೀವು ಇಟ್ಟು ಠರಾವು ಬರೆಸಬಹುದು. ಕೇಂದ್ರದ ಕೌಶಲ ವಿಕಾಸ ಯೋಜನೆಯಲ್ಲಿ, ಅನುಭವದಿಂದ ಕಲಿತವರನ್ನು ಪರೀಕ್ಷಿಸಿ ಪ್ರಮಾಣ ಪತ್ರ ಕೊಡುವ ಏರ್ಪಾಡು ಇದೆ. ಅದು ಒಳ್ಳೆಯ ಮೊದಲ ಹೆಜ್ಜೆ. ಆದರೆ ಆ ಪತ್ರವೇ ವೈರ್‌ಮನ್ ಪರ್ಮಿಟ್ಟು ಎಂದು ಯಾರೂ ತಿಳಿಯಕೂಡದು. ನಿಮ್ಮ ಮಗ ಎಸ್.ಎಸ್.ಎಲ್.ಸಿ. ಮುಗಿಸಿ ಈ ಕೆಲಸಕ್ಕೆ ಮನಸ್ಸು ಮಾಡಿದ್ದರೆ, ಐ.ಟಿ.ಐ.ನಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿಸಿರಿ. ಅದೇ ನೇರವಾದ ದಾರಿ.

ನೀವು ಮಾಡಬೇಕಾದದ್ದು

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಈ ಬೇಸಿಗೆಯಲ್ಲಿಯೇ ಈ ಕೆಳಗಿನವುಗಳನ್ನು ಅನುಸರಿಸಿರಿ.

1. ಕೆಲಸ ಆರಂಭಿಸುವ ಮೊದಲು ಪರ್ಮಿಟ್ಟು ತೋರಿಸಲು ಕೇಳಿರಿ. ಅದರ ಮೇಲಿನ ಭಾವಚಿತ್ರ, ಅವಧಿ ಮುಗಿಯುವ ತಾರೀಖು ನೋಡಿರಿ. ಕೇಳಿದ್ದಕ್ಕೆ ಸಿಟ್ಟಾಗುವವನು ನಿಮಗೆ ಬೇಡ.

2. ಸಹಿ ಮಾಡುವ ಗುತ್ತಿಗೆದಾರನು ಒಮ್ಮೆಯಾದರೂ ಹೊಲಕ್ಕೆ ಬಂದು ನಿಂತು ನೋಡಲಿ. ಬಾರದವನ ಸಹಿಗೆ ದುಡ್ಡು ಕೊಡಬೇಡಿರಿ. ಊರಿನ ಹುಡುಗನೇ ಕೆಲಸ ಮಾಡುವವನಿದ್ದರೆ, ಪರ್ಮಿಟ್ಟು ಇದ್ದವನ ಕೈಕೆಳಗೆ, ಅವನ ಕಣ್ಣೆದುರಿಗೆ ಮಾಡಲಿ. ಹುಡುಗ ಕಲಿಯುವುದೂ ಹಾಗೆಯೇ.

3. ಮೋಟಾರಿನ ಮೈಗೆ ಎರಡು ಬೇರೆಬೇರೆ ಅರ್ಥಿಂಗ್ ತಂತಿಗಳು ಇರಬೇಕು. ಒಂದು ಕಿತ್ತುಹೋದರೆ ಇನ್ನೊಂದು ಕಾಯುತ್ತದೆ. ಸ್ಟಾರ್ಟರ್ ಪೆಟ್ಟಿಗೆಗೂ ಅರ್ಥಿಂಗ್ ಬೇಕು. ಪೈಪಿನ ಅರ್ಥಿಂಗಿಗೆ ಕನಿಷ್ಠ 38 ಮಿ.ಮೀ. ಒಳವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪು ಹೂಳಿರಿ. ಒಂದು ಗೂಟ ಬಡಿದು ತಂತಿ ಸುತ್ತಿದರೆ ಅದು ಅರ್ಥಿಂಗ್ ಅಲ್ಲ.

4. ಎರೆ ಭೂಮಿಯವರಿಗೆ ವಿಶೇಷ ಸೂಚನೆ. ಎರೆ ಮಣ್ಣು ಹಸಿ ಇರುವಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಮಣ್ಣು ಪೈಪಿನಿಂದ ಸರಿದು ನಿಲ್ಲುತ್ತದೆ, ಅರ್ಥಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ. ಆದ್ದರಿಂದ ಬಿರುಕು ಮುಚ್ಚಿ, ಆಗಾಗ ನೀರು ಹಾಕಿರಿ. ಕಲಘಟಗಿ ಕಡೆಯ ಕೆಂಪು ಹಾಗೂ ಗರಸು ನೆಲ ಬೇಗ ಒಣಗುವುದರಿಂದ ಅಲ್ಲಿಯೂ ಇದೇ ಕ್ರಮ.

5. ಕೆಲಸ ಮುಗಿದ ಮೇಲೆ, ಕರೆಂಟು ಕೊಡುವ ಮೊದಲು 500 ವೋಲ್ಟಿನ ಮೆಗ್ಗರ್‌ನಿಂದ ಪರೀಕ್ಷೆ ಮಾಡಿಸಿರಿ. ತಂತಿಗೂ ಮೋಟಾರಿನ ಮೈಗೂ ನಡುವೆ ಒಂದು ಮೆಗ್‌ಓಮ್‌ಗಿಂತ ಕಡಿಮೆ ತೋರಿದರೆ ಚಾಲೂ ಮಾಡಕೂಡದು. ಹಳೆಯ ಮೋಟಾರಿಗೂ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಲಿ. ಅಂದು ಇದನ್ನು ಮಾಡಿಸಿದ್ದರೆ ನಮ್ಮ ಎತ್ತು ಉಳಿಯುತ್ತಿತ್ತು.

6. ಫ್ಯೂಜಿನಲ್ಲಿ ಅಳತೆಯ ತಂತಿಯನ್ನೇ ಹಾಕಿರಿ. ಪದೇಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತುವುದು, ಕಳ್ಳ ಬಂದನೆಂದು ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಮನೆಗೆ 30 ಮಿಲಿ ಆಂಪಿಯರ್‌ನ, ಕರೆಂಟು ಸೋರಿದರೆ ತಾನೇ ಬೀಳುವ ಬ್ರೇಕರ್ ಹಾಕಿಸಿರಿ. ತಿಂಗಳಿಗೊಮ್ಮೆ ಅದರ ಪರೀಕ್ಷಾ ಗುಂಡಿ ಒತ್ತಿ ನೋಡಿರಿ.

7. ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ, ಮೊದಲು ಕರೆಂಟು ಕಡಿಯಿರಿ. ಬರಿಗೈಯಿಂದ ಅವರನ್ನು ಮುಟ್ಟಬೇಡಿರಿ. ಎಳೆಯಲು ಹೋದವರೂ ಸಾಯುವುದುಂಟು.

ಖರ್ಚಿನ ಮಾತು

ಇಷ್ಟೆಲ್ಲ ಮಾಡಿಸಲು ಖರ್ಚು ಹೆಚ್ಚಾಗುವುದಿಲ್ಲವೇ ಎಂದು ಕೇಳುತ್ತೀರಿ. ಹೆಚ್ಚಾಗುತ್ತದೆ. ನಾನು ಅಂದು ಉಳಿಸಿದ್ದು ಒಂದು ಪೈಪಿನ ದುಡ್ಡು, ಕಳೆದುಕೊಂಡದ್ದು ಒಂದು ಎತ್ತು. ಜೋಡಿ ಒಡೆದು ಉಳಿದ ಎತ್ತನ್ನೂ ಆ ವರ್ಷವೇ ಮಾರಬೇಕಾಯಿತು. ಎತ್ತು ಸತ್ತ ವಾರವೇ ಅರ್ಥಿಂಗ್ ಹಾಕಿಸಿದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಗೆ ನಾನೇ ಸಾಕ್ಷಿಯಾದೆ.

ಆ ಹುಡುಗ ಮುಂದೆ ಪರೀಕ್ಷೆಗೆ ಕುಳಿತು ವೈರ್‌ಮನ್ ಪರ್ಮಿಟ್ಟು ಪಡೆದ. ಅರ್ಜಿ ತುಂಬಿಕೊಟ್ಟವನು ನಾನು. ಅಷ್ಟಾದರೂ ಮಾಡಬೇಕಾಗಿತ್ತು. ಈಗ ಆತ ಅರ್ಥಿಂಗ್ ಪೈಪು ಕಟ್ಟೆಗೆ ಬಂದು ಬೀಳದ ಹೊರತು ಚೀಲದಿಂದ ಪಕ್ಕಡ ಹೊರಗೆ ತೆಗೆಯುವುದಿಲ್ಲ. ಕೆಲವರು ಸೊಕ್ಕು ಎನ್ನುತ್ತಾರೆ. ಎನ್ನಲಿ.

ನಿಮ್ಮ ಊರಿನಲ್ಲಿಯೂ ಕೈಗುಣವಿದ್ದು ಕಾಗದವಿಲ್ಲದ ಇಂಥ ಹುಡುಗರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಈ ಪುಟವನ್ನು ಅವರಿಗೆ ಓದಲು ಕೊಡಿರಿ. ಅರ್ಜಿ ಹಾಕಲು ನೆರವಾಗಿರಿ. ನಾಳೆ ನಿಮ್ಮ ಹೊಲದಲ್ಲಿ ಆತ "ಇದು ಆಗುವುದಿಲ್ಲರೀ" ಎಂದರೆ, ಸಿಟ್ಟು ಮಾಡದೆ ಪೈಪು ತರಲು ಹೊರಡಿರಿ.