ಬೆಂಗೇರಿಯ ಬಾವುಟಕ್ಕೆ ಎದುರಾದ ಹೊಸ ಎಳೆ

ರಾಷ್ಟ್ರಧ್ವಜವೆಂದರೆ ಮೂರು ಬಣ್ಣದ ಬಟ್ಟೆಗಳನ್ನು ಜೋಡಿಸಿ ಹೊಲಿದದ್ದು ಎಂದಷ್ಟೇ ತಿಳಿದವರು ಹುಬ್ಬಳ್ಳಿಯ ಬೆಂಗೇರಿಗೆ ಒಮ್ಮೆ ಹೋಗಿ ಬರಬೇಕು. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲಿಯೇ. ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಪಡೆದು ಧ್ವಜ ತಯಾರಿಸುವ ದೇಶದ ಏಕೈಕ ಸಂಸ್ಥೆ ಎಂಬ ಹೆಸರು ಬಹುಕಾಲ ಇದಕ್ಕಿತ್ತು. ಧ್ವಜದ ಉದ್ದಗಲಗಳು 3:2ರ ಪ್ರಮಾಣದಲ್ಲಿರಬೇಕು. ಮೇಜಿನ ಮೇಲಿಡುವ 150 ಮಿಲಿಮೀಟರ್ ಉದ್ದದ ಪುಟ್ಟ ಬಾವುಟದಿಂದ 6300 ಮಿಲಿಮೀಟರ್ ಉದ್ದದ ಭಾರಿ ಧ್ವಜದವರೆಗೆ ಒಂಬತ್ತು ಅಳತೆಗಳಿವೆ. ಚಕ್ರದ 24 ಗೆರೆಗಳು ಎರಡೂ ಬದಿಗೆ ಒಂದರ ಬೆನ್ನಿಗೆ ಒಂದು ಕೂರಬೇಕು. ಕೂದಲೆಳೆಯಷ್ಟು ಸರಿದರೂ ಚಕ್ರದ ಅಂಚಿನಲ್ಲಿ ನೆರಳು ಬಿದ್ದಂತೆ ಕಾಣುತ್ತದೆ.

ಬಟ್ಟೆಗೂ ಕಟ್ಟಳೆಯುಂಟು. 1951ರಲ್ಲಿ ಮೊದಲು ಪ್ರಕಟವಾಗಿ 1968ರಲ್ಲಿ ಪರಿಷ್ಕೃತಗೊಂಡ ಮಾನಕದಂತೆ ಧ್ವಜದ ಹತ್ತಿ ಖಾದಿ ಒಂದು ಚದರ ಮೀಟರಿಗೆ ಸುಮಾರು 205 ಗ್ರಾಂ ತೂಗಬೇಕು. (ಒಂದು ಚದರ ಅಡಿಗೆ 205 ಗ್ರಾಂ ಎಂದು ಹಲವೆಡೆ ಅಚ್ಚಾಗಿರುವುದುಂಟು. ಹಾಗಿದ್ದರೆ ಅದು ಬಾವುಟವಾಗದೆ ಜಮಖಾನೆಯಾದೀತು!) ಈ ಬಟ್ಟೆ ನೇಯ್ದು ಹೆಸರಾದ ಊರು ಧಾರವಾಡ ತಾಲ್ಲೂಕಿನ ಗರಗ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದಲೂ ಬಟ್ಟೆ ಬರುತ್ತದೆ. ಹಗ್ಗ ತೂರಿಸುವ ಪಟ್ಟಿಗೆ ಬೇರೆಯೇ ಆದ, ಮೂರು ಎಳೆ ಸೇರಿಸಿ ನೇಯುವ ಗಟ್ಟಿ ಬಟ್ಟೆ ಬೇಕು. ಅದನ್ನು ನೇಯಬಲ್ಲ ಕೈಗಳು ಬಹಳ ಕಡಿಮೆ.

ಇಷ್ಟು ವರ್ಷ ಈ ಲೆಕ್ಕದಲ್ಲಿ ಪಾಲಿಯೆಸ್ಟರಿಗೆ ಜಾಗವಿರಲಿಲ್ಲ. 2021ರ ಡಿಸೆಂಬರ್ 30ರಂದು ಕೇಂದ್ರ ಸರಕಾರ ಧ್ವಜ ಸಂಹಿತೆಗೆ ತಿದ್ದುಪಡಿ ತಂದು, ಯಂತ್ರದಿಂದ ತಯಾರಿಸಿದ ಮತ್ತು ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಒಪ್ಪಿಗೆ ಕೊಟ್ಟಿತು. ಮರುವರ್ಷ ‘ಹರ್ ಘರ್ ತಿರಂಗಾ’ ಅಭಿಯಾನ ಬಂತು. ಕೋಟಿಗಟ್ಟಲೆ ಧ್ವಜಗಳು ಬೇಕಾದವು. ಸೂರತ್ತಿನ ಮಿಲ್ಲುಗಳು ಹಗಲಿರುಳು ಓಡಿದವು. ಬೆಂಗೇರಿಯಲ್ಲಿ ಮಾತ್ರ ಆ ಜುಲೈನಲ್ಲಿ ಪ್ರತಿಭಟನೆ ನಡೆಯಿತು. ಇಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರಲ್ಲಿ ಹೆಚ್ಚಿನವರು ಮಹಿಳೆಯರು. ಬೇಡಿಕೆ ಇಳಿದರೆ ಮೊದಲ ಪೆಟ್ಟು ಬೀಳುವುದು ಅವರ ಕೂಲಿಗೆ, ನಂತರ ಹಳ್ಳಿಯಲ್ಲಿ ಲಡಿಯ ಲೆಕ್ಕದಲ್ಲಿ ನೂಲುವವರಿಗೆ.

ಅಷ್ಟಕ್ಕೂ ಈ ಪಾಲಿಯೆಸ್ಟರ್ ಎಂಥದ್ದು? 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು ಇದರ ಎಳೆ ತೆಗೆದರು. ಅವರಿಗೆ ಸಂಬಳ ಕೊಡುತ್ತಿದ್ದುದು ಹತ್ತಿಬಟ್ಟೆಗೆ ಬಣ್ಣದ ಅಚ್ಚು ಹಾಕುವ ಲ್ಯಾಂಕಾಶೈರಿನ ಕಂಪನಿಯೆಂಬುದು ತಮಾಷೆಯೇ ಸರಿ. ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ ಬೆಳೆದ ಹತ್ತಿ 1860ರ ದಶಕದಲ್ಲಿ ಹಡಗೇರಿ ಹೋಗುತ್ತಿದ್ದುದು ಅದೇ ಲ್ಯಾಂಕಾಶೈರಿಗೆ. ಮುಂದೆ ಟೆರಿಲಿನ್ ಎಂಬ ಹೆಸರಿನಲ್ಲಿ ಈ ಎಳೆ ನಮ್ಮ ಪೇಟೆಗೂ ಬಂದು, ಇಸ್ತ್ರಿ ಬೇಡದ ಅಂಗಿಯೆಂದು ಮದುವೆ ಮನೆಗಳಲ್ಲಿ ಮೆರೆಯಿತು. ಕಚ್ಚಾ ತೈಲದಿಂದ ಬರುವ ಎರಡು ರಾಸಾಯನಿಕಗಳನ್ನು ಕೂಡಿಸಿ, ಕರಗಿಸಿ, ಶ್ಯಾವಿಗೆ ಒತ್ತಿದಂತೆ ಸಣ್ಣ ರಂಧ್ರಗಳಿಂದ ಹೊರತೆಗೆದು ಎಳೆದರೆ ಗಟ್ಟಿ ನೂಲಾಗುತ್ತದೆ. ಕುಡಿಯುವ ನೀರಿನ ಬಾಟಲಿಯೂ ಇದೇ ವಸ್ತುವಿನದು. ಅದಕ್ಕೆಂದೇ ಹಳೆಯ ಬಾಟಲಿಗಳನ್ನು ಕರಗಿಸಿ ಬಟ್ಟೆಯ ನೂಲು ಮಾಡುವುದು ಈಗ ಸಾಧ್ಯವಾಗಿದೆ.

ಎರಡರ ಸ್ವಭಾವ ತಿಳಿಯಬೇಕಾದರೆ ನೀರು ಚಿಮುಕಿಸಿ ನೋಡಬೇಕು. ಹತ್ತಿಯ ಎಳೆ ನೀರನ್ನು ಪ್ರೀತಿಸುತ್ತದೆ. ಸಾಮಾನ್ಯ ಹವೆಯಲ್ಲಿಯೇ ತನ್ನ ತೂಕದ ಶೇ. 8ರಷ್ಟು ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ, ಪಾಲಿಯೆಸ್ಟರಿನದು ಶೇ. ಅರ್ಧಕ್ಕೂ ಕಡಿಮೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಖಾದಿ ಧ್ವಜ ತೊಯ್ದು ಭಾರವಾಗಿ ಜೋತುಬೀಳುತ್ತದೆ, ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಪಾಲಿಯೆಸ್ಟರ್ ಕೊಡವಿದರೆ ಒಣಗಿತು, ಸಣ್ಣ ಗಾಳಿಗೂ ಪಟಪಟ ಹಾರುತ್ತದೆ. ಸಾರ್ವಜನಿಕರು ಹಗಲು ರಾತ್ರಿ ಧ್ವಜ ಹಾರಿಸಲು 2022ರ ಜುಲೈನಲ್ಲಿ ಅವಕಾಶ ಸಿಕ್ಕ ಮೇಲೆ ಇದು ಸಣ್ಣ ಅನುಕೂಲವೇನಲ್ಲ. ಆದರೆ ಹತ್ತಿಯ ಗುಣವೊಂದನ್ನು ಹಲವರು ಅರಿಯರು: ಒದ್ದೆಯಾದಾಗ ಅದರ ಎಳೆ ಸಡಿಲವಾಗುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ.

ನೀರನ್ನು ದೂರವಿಡುವ ಎಳೆ ಬಣ್ಣವನ್ನೂ ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳದು. ಪಾಲಿಯೆಸ್ಟರಿಗೆ ಬಣ್ಣ ಹಾಕಲು ಒತ್ತಡದಲ್ಲಿ ಸುಮಾರು 130 ಡಿಗ್ರಿ ಶಾಖ ಬೇಕು. ಇಲ್ಲವೇ ಕಾಗದದ ಮೇಲೆ ಚಿತ್ರ ಮುದ್ರಿಸಿ, 200 ಡಿಗ್ರಿಯ ಆಸುಪಾಸಿನಲ್ಲಿ ಬಟ್ಟೆಗೆ ಒತ್ತಬೇಕು. ಬಣ್ಣ ಆವಿಯಾಗಿ ಎಳೆಯೊಳಗೆ ಸೇರುತ್ತದೆ. ಈ ಎರಡನೆಯ ವಿಧಾನದಿಂದಲೇ ಬೆಲೆ ಇಳಿಯುವುದು. ಮೂರು ಬಣ್ಣ, ಚಕ್ರ ಎಲ್ಲವೂ ಒಂದೇ ಬೀಸಿಗೆ ಮೂಡುತ್ತವೆ. ಬೆಂಗೇರಿಯಲ್ಲಾದರೋ ಪ್ರತಿ ಬಣ್ಣದ ಬಟ್ಟೆ ಬೇರೆ, ಕತ್ತರಿಸುವುದು ಬೇರೆ, ಚಕ್ರದ ಅಚ್ಚು ಬೇರೆ, ಹೊಲಿಗೆ ಬೇರೆ. ಯಂತ್ರ ಉಳಿಸಿಕೊಟ್ಟದ್ದು ಈ ಕೈಕೆಲಸಗಳನ್ನೇ. ಎಳೆ ಅಗ್ಗವೆಂಬುದು ಬೆಲೆಯ ಅರ್ಧ ಕಥೆ ಮಾತ್ರ.

ಖಾದಿ ಪವಿತ್ರ, ಪಾಲಿಯೆಸ್ಟರ್ ಮೈಲಿಗೆ ಎಂದು ವಾದಿಸಿದರೆ ಮಾತು ನಿಲ್ಲದು. ಎರಡನ್ನೂ ಬೆರೆಸಿದ ‘ಪಾಲಿವಸ್ತ್ರ’ವನ್ನು ಖಾದಿ ಆಯೋಗವೇ ಹಿಂದೆ ಪೇಟೆಗೆ ತಂದಿತ್ತು. ಎಲ್ಲರ ಮನೆಯ ಮೇಲೂ ಧ್ವಜ ಹಾರಬೇಕೆಂದರೆ ಗರಗದ ಮಗ್ಗಗಳಷ್ಟೇ ಅದನ್ನು ಪೂರೈಸಲಾರವು ಎಂಬುದೂ ನಿಜವೇ. ಹಾಗೆಂದು ಸರಕಾರಿ ಕಟ್ಟಡಗಳಿಗಾದರೂ ಖಾದಿಯನ್ನೇ ಕಡ್ಡಾಯ ಮಾಡಲು ಅಡ್ಡಿಯೇನಿತ್ತು? ಅಲ್ಲಿ ಬೇಕಾಗುವ ಧ್ವಜಗಳಿಗೆ ಲೆಕ್ಕವಿದೆ, ಹಣವೂ ಇದೆ.

ಇನ್ನೊಂದು ತೊಡಕು ಆಗಸ್ಟ್ 15 ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಹರಿದ, ಮಾಸಿದ ಧ್ವಜವನ್ನು ಏಕಾಂತದಲ್ಲಿ, ಸಾಧ್ಯವಾದರೆ ಸುಟ್ಟು, ಗೌರವದಿಂದ ವಿಲೇವಾರಿ ಮಾಡಬೇಕೆಂದು ಸಂಹಿತೆ ಹೇಳುತ್ತದೆ. ಖಾದಿಯ ಎಳೆಗೆ ಬೆಂಕಿ ತಾಗಿಸಿದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಹಾಗೆ ಉರಿಯುವುದಿಲ್ಲ. ಮುದುಡಿ, ಕರಗಿ, ತೊಟ್ಟಿಕ್ಕಿ, ಕಪ್ಪು ಹೊಗೆ ಬಿಟ್ಟು, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗಿ ನೆಲಕ್ಕಂಟಿಕೊಳ್ಳುತ್ತದೆ. ಹೂಳಿದರೂ ಹತ್ತಿ ಕೆಲವು ತಿಂಗಳಲ್ಲಿ ಮಣ್ಣಾದೀತು, ಇದು ಆಗದು. ಹತ್ತಿಯ ಬಾವುಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಆ ನಿಯಮ 2021ರ ತಿದ್ದುಪಡಿಯ ನಂತರವೂ ಹಾಗೆಯೇ ಉಳಿಯಿತು.